ಬಚ್ಚಲುಮನೆಯ ಬ್ರಷ್ಷು



ಇಂದು ನಾನು ಮಾತನಾಡಬೇಕೆಂದಿರುವ ವಸ್ತು ಒಂದು ಗೇಣಿಗಿಂತಲೂ ಗಿಡ್ಡದು. ಬೆಳಗ್ಗೆ ಎದ್ದೊಡನೆ ನಮ್ಮ ಕೈಗೆ ಬರುವುದು ಅದು. ರಾತ್ರಿ ಮಲಗುವುದಕ್ಕೆ ಮುನ್ನ ನಾವು ಕೈಬಿಡುವುದೂ ಅದನ್ನೇ. ಹಲ್ಲುಜ್ಜುವ ಬ್ರಷ್ಷು. ಹಲ್ಲನ್ನು ಹೇಗೆ ಉಜ್ಜಬೇಕೆಂಬುದನ್ನು ಹೇಳಿಕೊಡುವವರು ಬಹಳ ಮಂದಿ ಇದ್ದಾರೆ; ಶಾಲೆಯ ಪುಸ್ತಕಗಳಲ್ಲಿ ಅದು ಚಿತ್ರಸಹಿತವಾಗಿ ಇದ್ದೇ ಇರುತ್ತದೆ. ಉಜ್ಜಿಯಾದಮೇಲೆ ಆ ಬ್ರಷ್ಷನ್ನು ಎಲ್ಲಿಡಬೇಕು, ಹೇಗಿಡಬೇಕು, ಯಾರದರ ಪಕ್ಕದಲ್ಲಿ ಇಡಬೇಕು ಎಂಬುದನ್ನು ವಿಚಾರಮಾಡುವವರು ವಿರಳ. ದಿನಕ್ಕೆರಡು ಸಲ ಉಜ್ಜುವವನ ಬ್ರಷ್ಷು ಕೂಡ ಅವನ ಬಾಯಲ್ಲಿರುವುದು ಸುಮಾರು 4 ನಿಮಿಷ. ಉಳಿದ 23 ಗಂಟೆ 56 ನಿಮಿಷ ಅದರ ವಾಸ ಬಚ್ಚಲುಮನೆಯಲ್ಲಿ. ಆ 4 ನಿಮಿಷವನ್ನು ಬಿಟ್ಟು ಮಿಕ್ಕ ಕಾಲದ ವಿಚಾರವನ್ನು ನಾನೀಗ ಹೇಳುವವನಿದ್ದೇನೆ.

ನಮ್ಮ ಹಿರಿಯರಿಗೆ ಈ ಪ್ರಶ್ನೆಯೇ ಹುಟ್ಟಲಿಲ್ಲ. ಅವರು ಹಲ್ಲುಜ್ಜಿದುದು ಕಡ್ಡಿಯಿಂದ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ದಂತಕಾಷ್ಠವು 12 ಅಂಗುಲ ಉದ್ದವಿರಬೇಕು, ಕಿರುಬೆರಳಿನ ಗಾತ್ರವಿರಬೇಕು, ನೆಟ್ಟಗಿರಬೇಕು, ಗಂಟಿರಬಾರದು, ಹಸಿಯದಾಗಿರಬೇಕು ಎಂದು ವಿಧಿಸಿದೆ. ಕಹಿಯಲ್ಲಿ ಬೇವು, ಒಗರಿನಲ್ಲಿ ಕಗ್ಗಲಿ, ಖಾರದಲ್ಲಿ ಹೊಂಗೆ ಶ್ರೇಷ್ಠವೆಂದೂ ಹೇಳಿದೆ. ಇಷ್ಟೆಲ್ಲ ವಿವರವಿರುವ ಶಾಸ್ತ್ರದಲ್ಲಿ ಕಡ್ಡಿಯನ್ನು ನಾಳೆಗೆ ಎತ್ತಿಡುವ ಕ್ರಮವೊಂದನ್ನು ಹುಡುಕಬೇಕಾದುದಿಲ್ಲ. ಎತ್ತಿಡುವ ಪದಾರ್ಥವೇ ಅದಲ್ಲ. ತುದಿಯನ್ನು ಜಗಿದು ಕುಂಚ ಮಾಡಿ, ಹಲ್ಲನ್ನು ತಿಕ್ಕಿ, ಬಳಿಕ ನಡುವೆ ಸೀಳಿ ನಾಲಗೆಯನ್ನು ಹೆರೆದು, ಎಸೆದುಬಿಟ್ಟರೆ ಅಲ್ಲಿಗೆ ಅದರ ಋಣ ಮುಗಿಯಿತು. ನಾಳೆಯ ಕಡ್ಡಿ ಇನ್ನೂ ಮರದಲ್ಲಿರುತ್ತಿತ್ತು.

ಬ್ರಷ್ಷು ಹಾಗಲ್ಲ. ಅದು ಉಳಿಯುವ ವಸ್ತು. ಹಂದಿಯ ಕೂದಲಿನ ಬ್ರಷ್ಷು ಬಹುಕಾಲದ ಹಿಂದೆಯೇ ಚೀನಾದೇಶದಲ್ಲಿತ್ತು. ಇಂಗ್ಲೆಂಡಿನಲ್ಲಿ ವಿಲಿಯಂ ಆಡಿಸ್ ಎಂಬಾತನು 1780ರ ಸುಮಾರಿನಲ್ಲಿ ಮೂಳೆಯ ಹಿಡಿಗೆ ಕೂದಲನ್ನು ಪೋಣಿಸಿ ಮಾರಾಟಕ್ಕೆ ತಯಾರಿಸತೊಡಗಿದನು. ಪ್ರಾಣಿಯ ಕೂದಲು ನೀರನ್ನು ಹೀರಿಕೊಳ್ಳುತ್ತದೆ, ಬೇಗ ಒಣಗುವುದಿಲ್ಲ. ಅದರ ಅಪಾಯ ಹಲ್ಲಿನ ಬ್ರಷ್ಷಿಗಿಂತ ಅದರ ದಾಯಾದಿಯಾದ ಕ್ಷೌರದ ಬ್ರಷ್ಷಿನಲ್ಲಿ ಚೆನ್ನಾಗಿ ಬಯಲಾಯಿತು. ಮೊದಲನೆಯ ಮಹಾಯುದ್ಧದ ವರ್ಷಗಳಲ್ಲಿ, ಸರಿಯಾಗಿ ಶುದ್ಧಿಮಾಡದ ಕುದುರೆಕೂದಲಿನ ಕ್ಷೌರದ ಬ್ರಷ್ಷುಗಳಿಂದ ಇಂಗ್ಲೆಂಡ್ ಅಮೆರಿಕಗಳಲ್ಲಿ ಹಲವರಿಗೆ ನೆರಡಿಯ ರೋಗ, ಎಂದರೆ ಆಂಥ್ರಾಕ್ಸ್, ತಗುಲಿತು. 1938ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ನೈಲಾನಿನ ಎಳೆಯ ಬ್ರಷ್ಷು ಅಂಗಡಿಗೆ ಬಂದಿತು. ನೈಲಾನು ಹೆಂಗಸರ ಕಾಲುಚೀಲವಾಗುವುದಕ್ಕೆ ಮುಂಚೆ ಜನರ ಬಾಯನ್ನು ಸೇರಿತೆಂಬುದು ವಿನೋದದ ಸಂಗತಿ. ಈ ಎಳೆ ಕೂದಲಿನಷ್ಟು ನೀರು ಕುಡಿಯದು, ಬೇಗ ಒಣಗುವುದು. ಮಡಿವಂತರ ಮನೆಯೊಳಕ್ಕೆ ಹಂದಿಯ ಕೂದಲು ಬರಲಾರದೆಂಬ ತೊಡಕೂ ಇದರಿಂದ ತಪ್ಪಿತು.

ಹೀಗೆ ಬ್ರಷ್ಷು ಬಚ್ಚಲಿಗೆ ಬಂದಿತು. ಅನಂತರ ಬಚ್ಚಲೇ ಬದಲಾಯಿತು. ಹಳೆಯ ಮನೆಯ ಬಚ್ಚಲಲ್ಲಿ ಒಲೆಯಿತ್ತು, ಹಂಡೆಯಿತ್ತು. ಬೆಳಗಿನ ಉರಿಯ ಶಾಖ ಮಧ್ಯಾಹ್ನದವರೆಗೂ ಗೋಡೆಯಲ್ಲಿ ನಿಂತಿರುತ್ತಿತ್ತು. ಹೊಗೆಯ ಕಾಟವಿತ್ತು, ನಿಜ. ತೇವದ ಕಾಟ ಅಷ್ಟಿರಲಿಲ್ಲ. ಕಕ್ಕಸು ಹಿತ್ತಿಲಿನ ಕೊನೆಯಲ್ಲಿ ಬೇರೆಯಾಗಿತ್ತು. ಇಂದಿನ ಪಟ್ಟಣದ ಮನೆಗಳಲ್ಲಿ ಒಲೆ ಹೋಗಿ ನೀರು ಕಾಯಿಸುವ ವಿದ್ಯುದ್ಯಂತ ಗೋಡೆಗೇರಿದೆ. ಕಿಟಕಿಯ ಸ್ಥಾನದಲ್ಲಿ ಗಾಜಿನ ಪಟ್ಟಿಗಳ ಒಂದು ಸಣ್ಣ ಕಂಡಿ ಉಳಿದಿದೆ. ಹಿತ್ತಿಲಿನ ಕಕ್ಕಸು ನಡೆದುಬಂದು ಸ್ನಾನದ ಕೋಣೆಯೊಳಗೇ ಕುಳಿತಿದೆ. ಅನುಕೂಲಕ್ಕಾಗಿ ಆದುದು ಇದು, ಮುದುಕರಿಗೂ ರೋಗಿಗಳಿಗೂ ಇದರಿಂದ ಬಹಳ ಉಪಕಾರವಾಗಿದೆ, ನಾನು ದೂರುವುದಿಲ್ಲ. ಆದರೆ ಬ್ರಷ್ಷು ಮಾತ್ರ ಮೊದಲು ಎಲ್ಲಿತ್ತೋ ಅಲ್ಲಿಯೇ ಇದೆ. ಅದರ ನೆರೆಹೊರೆ ಬದಲಾದುದನ್ನು ನಾವು ಗಮನಿಸಲಿಲ್ಲ.

ಈಗ ಆ ಲೋಟದ ವಿಚಾರ. ಯಾವ ಲೋಟವೆಂದು ನಿಮಗೆಲ್ಲ ಗೊತ್ತು. ನಲ್ಲಿಯ ಮೇಲಿನ ಹಲಗೆಯಲ್ಲಿ, ಕನ್ನಡಿಯ ಕೆಳಗೆ, ಅಡಿಗೆಮನೆಯಿಂದ ನಿವೃತ್ತಿಹೊಂದಿದ ಒಂದು ಉಕ್ಕಿನ ಲೋಟ ಅಥವಾ ಹಿಡಿ ಮುರಿದ ಒಂದು ಪ್ಲಾಸ್ಟಿಕ್ ಬಟ್ಟಲು. ಅದರಲ್ಲಿ ಮನೆಮಂದಿಯ ಬ್ರಷ್ಷುಗಳೆಲ್ಲ ತಲೆಗೆ ತಲೆ ತಾಗಿಸಿಕೊಂಡು ನಿಂತಿರುವುವು. ನಡುವೆ ನಾಲಗೆ ಹೆರೆಯುವ ಕಡ್ಡಿ, ಯಜಮಾನರ ಕ್ಷೌರದ ಕತ್ತಿ, ಕೆಲವೆಡೆ ಒಂದು ಬಾಚಣಿಗೆ. ಬ್ರಷ್ಷುಗಳನ್ನೆಲ್ಲ ತೆಗೆದು ಆ ಲೋಟದ ತಳವನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿರಿ. ಬೆಳ್ಳಗೆ, ಕೆಲವೆಡೆ ಬೂದುಬಣ್ಣಕ್ಕೆ ತಿರುಗಿದ, ಮುಟ್ಟಿದರೆ ಜಾರುವ ಒಂದು ಗಸಿ ಅಲ್ಲಿರುತ್ತದೆ. ಅದು ಬ್ರಷ್ಷುಗಳಿಂದ ಇಳಿದ ನೀರು, ಪೇಸ್ಟು ಮತ್ತು ಎಲ್ಲರ ಉಗುಳು. ಹಿಡಿಯ ಬುಡ ದಿನವೆಲ್ಲ ಅದರಲ್ಲಿ ನೆನೆದಿದ್ದು, ಬೆಳಗ್ಗೆ ನಮ್ಮ ಅಂಗೈಗೆ ಬರುತ್ತದೆ.

ಎಂಜಲಿನ ವಿಷಯದಲ್ಲಿ ನಮ್ಮಷ್ಟು ಕಟ್ಟುನಿಟ್ಟಾದ ಜನ ಕಡಮೆ. ನೀರನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುತ್ತೇವೆ. ಒಬ್ಬರ ಎಲೆಯಿಂದ ಇನ್ನೊಬ್ಬರ ಎಲೆಗೆ ಬಡಿಸಿದರೆ ಮನೆಯಲ್ಲಿ ರಂಪವಾಗುತ್ತದೆ. ಹಲ್ಲುಪುಡಿಯ ಕಾಲದಲ್ಲಿ ಮನೆಯ ಹಿರಿಯಳು ಡಬ್ಬಿಯನ್ನು ತಾನೇ ಹಿಡಿದು, ಸಾಲಾಗಿ ನಿಂತ ಮಕ್ಕಳ ಎಡ ಅಂಗೈಗೆ ಚಿಟಿಕೆ ಚಿಟಿಕೆಯಾಗಿ ತಟ್ಟುತ್ತಿದ್ದಳಲ್ಲದೆ, ಒದ್ದೆಬೆರಳನ್ನು ಡಬ್ಬಿಯೊಳಕ್ಕೆ ಹಾಕಗೊಡುತ್ತಿರಲಿಲ್ಲ. ಅಂಥ ಮನೆಯ ಬಚ್ಚಲಲ್ಲಿ ಐದಾರು ಜನರ ಬಾಯಿಗಳು ಒಂದೇ ಲೋಟದಲ್ಲಿ ಬೆರೆತಿರುವುದನ್ನು ಯಾರೂ ಎಂಜಲೆನ್ನುವುದಿಲ್ಲ. ಎಂಜಲಿನ ನಿಯಮ ಹುಟ್ಟಿದಾಗ ಬ್ರಷ್ಷು ಇರಲಿಲ್ಲ. ಬ್ರಷ್ಷು ಬಂದಾಗ ನಿಯಮವನ್ನು ಅದಕ್ಕೆ ವಿಸ್ತರಿಸುವುದಕ್ಕೆ ಯಾರಿಗೂ ನೆನಪಾಗಲಿಲ್ಲ.

ಬ್ರಷ್ಷಿನ ಮೇಲೆ ಏನಿರುತ್ತದೆ? 1683ನೆಯ ಇಸವಿಯಲ್ಲಿ ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಲೇವೆನ್‌ಹುಕ್ ಎಂಬಾತನು ತನ್ನ ಹಲ್ಲಿನ ಸಂದಿನ ಬಿಳಿಯ ಮಡ್ಡಿಯನ್ನು ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ನೋಡಿ, ಅದರಲ್ಲಿ ಸಣ್ಣ ಸಣ್ಣ ಜೀವಿಗಳು ಅಂದವಾಗಿ ಓಡಾಡುತ್ತಿರುವುವೆಂದು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದನು. ನಮ್ಮ ಹಳ್ಳಿಗರಂತೆಯೇ ಪ್ರತಿದಿನವೂ ಉಪ್ಪಿನಿಂದ ಹಲ್ಲುಜ್ಜುತ್ತಿದ್ದವನು ಆತ, ಆದರೂ ಜೀವಿಗಳಿದ್ದುವು. ಆ ಮಡ್ಡಿಯನ್ನು ಕೆರೆದು ತೆಗೆಯುವುದೇ ಬ್ರಷ್ಷಿನ ಕೆಲಸವಾದುದರಿಂದ ಅದರ ಒಂದು ಭಾಗ ಬ್ರಷ್ಷಿಗೆ ಅಂಟುವುದು ಸಹಜ. 2021ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು ಜನರು ಅಂಚೆಯಲ್ಲಿ ಕಳುಹಿಸಿಕೊಟ್ಟ ಬ್ರಷ್ಷುಗಳನ್ನು ಪರೀಕ್ಷಿಸಿ, ಅವುಗಳ ಮೇಲಿನ ಕ್ರಿಮಿಸಮೂಹವು ಬಹುಮಟ್ಟಿಗೆ ಬಾಯಿಯದು, ಚರ್ಮದ್ದು. ಹೊಟ್ಟೆಯೊಳಗಿನದಲ್ಲ ಎಂದು ಪ್ರಕಟಿಸಿದರು. ಆದಕಾರಣ ಭಯಪಡಬೇಕಾದುದಿಲ್ಲ. ನಮ್ಮ ಬ್ರಷ್ಷಿನ ಮೇಲಿರುವುದು ಹೆಚ್ಚಾಗಿ ನಮ್ಮದೇ ಬಾಯಿಯ ಒಕ್ಕಲು. ಆರೋಗ್ಯವಂತನು ತನ್ನ ಬ್ರಷ್ಷಿನಿಂದ ತಾನೇ ಉಜ್ಜಿಕೊಂಡು ರೋಗಕ್ಕೆ ಗುರಿಯಾದನೆನ್ನಲು ಪ್ರಕಟವಾದ ಸಾಕ್ಷ್ಯವಿಲ್ಲವೆಂದು ಅಮೆರಿಕದ ರೋಗನಿಯಂತ್ರಣ ಕೇಂದ್ರವೇ ಹೇಳಿದೆ. ತೊಡಕಿರುವುದು ಒಬ್ಬರ ಬಾಯಿಯ ಒಕ್ಕಲು ಇನ್ನೊಬ್ಬರ ಬಾಯಿಗೆ ಹೋದಾಗ.

ಇದನ್ನು ನನಗೆ ಮನದಟ್ಟುಮಾಡಿಸಿದ ಒಂದು ಪ್ರಸಂಗವನ್ನು ಹೇಳುತ್ತೇನೆ. ಬೆಂಗಳೂರಿನಲ್ಲಿ ನನಗೆ ಪರಿಚಿತವಾದ ಒಂದು ಸಂಸಾರ: ಅಜ್ಜಿ, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ದೊಡ್ಡ ಹುಡುಗ ಕಾಲೇಜಿನಲ್ಲಿ ಓದುತ್ತಿದ್ದವನು ರಕ್ತದಾನಕ್ಕೆ ಹೋದನು. ಅವನ ರಕ್ತದಲ್ಲಿ ಹೆಪಟೈಟಿಸ್ ಬಿ ಎಂಬ ಕಾಮಾಲೆಯ ಸೋಂಕು ಇರುವುದು ಅಲ್ಲಿ ತಿಳಿಯಿತು. ಹುಡುಗ ನೋಡುವುದಕ್ಕೆ ಗಟ್ಟಿಮುಟ್ಟಾಗಿಯೇ ಇದ್ದನು. ಈ ಸೋಂಕು ವರ್ಷಗಟ್ಟಲೆ ಸದ್ದಿಲ್ಲದೆ ದೇಹದಲ್ಲಿರಬಲ್ಲುದು. ಮನೆಯವರು ವೈದ್ಯನೆಂದು ನನ್ನನ್ನು ಕರೆಸಿದರು. ನಾನು ಹೋದಾಗ ಹಬ್ಬದ ಊಟ ನಡೆಯುತ್ತಿತ್ತು. ಎಲ್ಲರೂ ನಡುಮನೆಯಲ್ಲಿ ಒಂದು ಸಾಲಿನಲ್ಲಿ ಕುಳಿತಿದ್ದರು. ಹುಡುಗ ಮಾತ್ರ ಹಜಾರದಲ್ಲಿ, ಬೇರೆ ತಟ್ಟೆ, ಬೇರೆ ಲೋಟ, ತನ್ನಷ್ಟಕ್ಕೆ ತಾನು. ಅವನ ತಟ್ಟೆಯನ್ನು ಅವನೇ ತೊಳೆದು ಬೇರೆ ಗೂಡಿನಲ್ಲಿ ಬೋರಲು ಹಾಕತಕ್ಕದ್ದೆಂದು ಏರ್ಪಾಟಾಗಿತ್ತು. ಮೂರು ವಾರದಿಂದ ಹೀಗೆಯೇ ನಡೆದಿತ್ತು.

ಕೈತೊಳೆಯಲು ಬಚ್ಚಲಿಗೆ ಹೋದೆನು. ಕನ್ನಡಿಯ ಕೆಳಗೆ ಆ ಲೋಟವಿತ್ತು. ಅದರಲ್ಲಿ ನಾಲ್ಕು ಬ್ರಷ್ಷುಗಳು. ಎರಡು ನೀಲಿ, ಒಂದೇ ಅಂಗಡಿಯವು, ಒಂದೇ ಅಳತೆಯವು. ಚಿಕ್ಕ ಹುಡುಗನನ್ನು ಕರೆದು ಕೇಳಿದೆನು: "ಇವೆರಡರಲ್ಲಿ ನಿನ್ನದು ಯಾವುದಪ್ಪ?" ಅವನು ಎರಡನ್ನೂ ತಿರುಗಿಸಿ ನೋಡಿ, "ಮೊದಲು ಕೈಗೆ ಸಿಕ್ಕಿದ್ದು" ಎಂದನು.

ಈ ಕಾಮಾಲೆ ತಟ್ಟೆಯಿಂದ ಹರಡುವುದಿಲ್ಲ. ಒಟ್ಟಿಗೆ ಕುಳಿತು ಉಣ್ಣುವುದರಿಂದ, ಒಂದು ಲೋಟದ ನೀರಿನಿಂದ, ಅಪ್ಪಿಕೊಳ್ಳುವುದರಿಂದ, ಕೆಮ್ಮಿನಿಂದ ಹರಡುವುದಿಲ್ಲ. ಹರಡುವುದು ರಕ್ತದಿಂದ, ದಾಂಪತ್ಯದ ಸಂಬಂಧದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ. ಒಸಡಿನಿಂದ ರಕ್ತ ಒಸರುವವನ ಬ್ರಷ್ಷಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಉಳಿಯಬಹುದು. ಆ ಸೋಂಕು ದೇಹದ ಹೊರಗೆ 7 ದಿನವಾದರೂ ಜೀವಂತವಾಗಿರಬಲ್ಲುದು. ಬ್ರಷ್ಷನ್ನೂ ಕ್ಷೌರದ ಕತ್ತಿಯನ್ನೂ ಹಂಚಿಕೊಳ್ಳಬಾರದೆಂದು ಈ ರೋಗದ ವಿಷಯದಲ್ಲಿ ವೈದ್ಯರು ಒತ್ತಿಹೇಳುವುದು ಇದಕ್ಕೋಸ್ಕರ. ಆ ಮನೆಯವರು ಬೇರ್ಪಡಿಸಬೇಕಾಗಿಲ್ಲದ ತಟ್ಟೆಯನ್ನು ಬೇರ್ಪಡಿಸಿ, ಬೇರ್ಪಡಿಸಲೇಬೇಕಾದ ಬ್ರಷ್ಷನ್ನು ಒಂದೇ ಲೋಟದಲ್ಲಿ ಇಟ್ಟಿದ್ದರು.

ಇದನ್ನು ನಾನು ಹೇಳಿದಾಗ ಅಜ್ಜಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಗಾದರೆ ಮಗುವನ್ನು ಪಂಕ್ತಿಯಿಂದ ಎಬ್ಬಿಸಿದ್ದು ಸುಮ್ಮಸುಮ್ಮನೆಯೇ?" ಎಂದು ಕೇಳಿದರು. ಹೌದೆಂದೆನು. ಅವರು ಎದ್ದುಹೋಗಿ ಹಜಾರದ ತಟ್ಟೆಯನ್ನು ತಾವೇ ಎತ್ತಿಕೊಂಡು ಬಂದರು. ಮನೆಯವರೆಲ್ಲರ ರಕ್ತ ಪರೀಕ್ಷೆಯಾಯಿತು, ಯಾರಿಗೂ ತಗುಲಿರಲಿಲ್ಲ. ಚಿಕ್ಕವನಿಗೆ ಕೂಸಾಗಿದ್ದಾಗಲೇ ಇದರ ಲಸಿಕೆ ಹಾಕಿಸಿದ್ದರು. ಉಳಿದವರು ಆರು ತಿಂಗಳೊಳಗೆ ಮೂರು ಸಲ ಹಾಕಿಸಿಕೊಂಡರು. ದೊಡ್ಡವನು ತಜ್ಞರ ಉಸ್ತುವಾರಿಯಲ್ಲಿದ್ದಾನೆ.

ಎಲ್ಲ ಮನೆಯಲ್ಲೂ ಇಂಥ ರೋಗವಿರುವುದಿಲ್ಲ. ಆದರೆ ಇದ್ದರೆ ಅದು ಹೇಳಿ ಬರುವುದೂ ಇಲ್ಲ. ಆದುದರಿಂದ ಬ್ರಷ್ಷಿಗೆ ಮೊದಲು ಬೇಕಾದುದು ಗುರುತು. ಒಬ್ಬೊಬ್ಬರಿಗೂ ಒಂದೊಂದು ಬಣ್ಣ. ಬಣ್ಣ ಒಂದೇ ಆದರೆ ಹಿಡಿಗೆ ಬೇರೆ ಬೇರೆ ದಾರ. ಬೆಳಗಿನ ಮಂಪರಿನಲ್ಲಿ, ವಿದ್ಯುತ್ತು ಹೋದ ಹೊತ್ತಿನಲ್ಲಿ, ಕನ್ನಡಕವಿಲ್ಲದ ಕಣ್ಣಿಗೆ ತಿಳಿಯುವಂತಿರಬೇಕು ಆ ಗುರುತು. ಎರಡನೆಯದಾಗಿ ಬೇಕಾದುದು ಅಂತರ. ತಲೆಗಳು ಒಂದನ್ನೊಂದು ಮುಟ್ಟಬಾರದು. ತೂತುಗಳಿರುವ ಹಲಗೆಯಾಗಲಿ, ಗೋಡೆಗೆ ಹೊಡೆದ ಕೊಕ್ಕೆಗಳ ಸಾಲಾಗಲಿ ಸಾಕು. ಬೆಲೆಬಾಳುವ ಸಾಮಾನೇನೂ ಬೇಕಿಲ್ಲ.

ಮೂರನೆಯದು ಒಣಗುವುದು. ಇದರಲ್ಲಿ ಎಲ್ಲರೂ ಸೋಲುತ್ತೇವೆ. ಬ್ರಷ್ಷಿನ ತಲೆಯಲ್ಲಿ ಮೂವತ್ತು ನಲವತ್ತು ಕುಚ್ಚುಗಳಿರುತ್ತವೆ. ಒಂದೊಂದು ಕುಚ್ಚಿನಲ್ಲಿ ಹತ್ತಾರು ಎಳೆಗಳು. ದೀಪದ ಬತ್ತಿ ಎಣ್ಣೆಯನ್ನು ಹಿಡಿದಿರುವಂತೆ ಎಳೆಗಳ ನಡುವಿನ ಸಂದು ನೀರನ್ನು ಹಿಡಿದಿರುತ್ತದೆ. ಬಾಯಿಯ ಕ್ರಿಮಿಗಳಲ್ಲಿ ಬಹಳಷ್ಟಕ್ಕೆ ಒಣಗಾಳಿ ಸೇರದು. ತೇವವಿದ್ದಷ್ಟು ಹೊತ್ತು ಅವು ಉಳಿಯುವುವು. ನಿಮ್ಮ ಮನೆಯ ಸ್ಥಿತಿ ಹೇಗಿದೆಯೆಂದು ತಿಳಿಯುವುದಕ್ಕೆ ಪ್ರಯೋಗಶಾಲೆ ಬೇಡ. ಬೆಳಗ್ಗೆ ಉಜ್ಜಿಟ್ಟ ಬ್ರಷ್ಷನ್ನು ರಾತ್ರಿ, ಮತ್ತೆ ಒದ್ದೆಮಾಡುವುದಕ್ಕೆ ಮೊದಲು, ಒಂದು ಒಣ ಕಾಗದದ ಮೇಲೆ ಬಲವಾಗಿ ಒತ್ತಿರಿ. ಕಾಗದದಲ್ಲಿ ಒದ್ದೆಯ ಗುರುತು ಮೂಡಿದರೆ ಆ ಸ್ಥಳ ಬ್ರಷ್ಷಿಗೆ ತಕ್ಕುದಲ್ಲ. ಕಿಟಕಿಯ ಬಳಿಗೆ ಸರಿಸಿ ಮತ್ತೆ ಪರೀಕ್ಷಿಸಿರಿ. ಮಳೆಗಾಲದಲ್ಲಿ ಮಲೆನಾಡಿನವರೂ ಕರಾವಳಿಯವರೂ ಈ ಪರೀಕ್ಷೆಯಲ್ಲಿ ಗೆಲ್ಲುವುದು ಕಷ್ಟ; ಅಲ್ಲಿ ತಲೆಗೆರಡು ಬ್ರಷ್ಷು ಇಟ್ಟುಕೊಂಡು, ಬೆಳಗ್ಗೆ ಒಂದು ರಾತ್ರಿ ಒಂದು ಬಳಸುವುದು ಮೇಲು.

ಒಣಗಬೇಕೆಂದಮೇಲೆ ಪ್ಲಾಸ್ಟಿಕ್ಕಿನ ಟೊಪ್ಪಿಗೆ ಹಾಕುವುದು ತಪ್ಪಾಗುತ್ತದೆ. ಒದ್ದೆ ತಲೆಗೆ ಬಿಗಿಯಾದ ಟೊಪ್ಪಿಗೆ ಹಾಕಿದರೆ ಒಳಗೆ ತೇವ ನಿಂತು, ಕ್ರಿಮಿಗಳಿಗೆ ಬೇಕಾದ ಮನೆಯನ್ನು ನಾವೇ ಕಟ್ಟಿಕೊಟ್ಟಂತಾಗುವುದು. ಪ್ರಯಾಣದಲ್ಲಿ ಹಾಕಿರಿ; ಊರು ಸೇರಿದೊಡನೆ ತೆಗೆಯಿರಿ. "ಹಾಗಾದರೆ ಜಿರಲೆ?" ಎಂದು ಗೃಹಿಣಿಯರು ಕೇಳುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ. ನ್ಯಾಯವಾದ ಪ್ರಶ್ನೆ. ಪರದೇಶದ ಪುಸ್ತಕಗಳು ಬ್ರಷ್ಷನ್ನು ತೆರೆದಿಡಿ ಎಂದು ಬರೆಯುವಾಗ ನಮ್ಮ ಬಚ್ಚಲಿನ ಜಿರಲೆಯನ್ನೂ, ಹೆಸರಿನಿಂದಲೇ ಹಲ್ಲಿಗೆ ನೆಂಟನಂತಿರುವ ಹಲ್ಲಿಯನ್ನೂ ಎಣಿಕೆಗೆ ತಂದುಕೊಂಡಿಲ್ಲ. ಹಾಲು ಮೊಸರಿಗೆ ಹಿಂದೆ ಇಡುತ್ತಿದ್ದ ಜಾಲರಿಯ ಬೀರುವಿನ ಉಪಾಯವೇ ಇಲ್ಲಿಗೂ ಸರಿ: ಸಣ್ಣ ಜಾಲರಿಯ ಬಾಗಿಲಿರುವ ಒಂದು ಗೂಡು, ಗಾಳಿ ಬರಬೇಕು, ಹುಳು ಬರಬಾರದು. ಅದೂ ಆಗದಿದ್ದರೆ, ಉಜ್ಜಿಯಾದ ಮೇಲೆ ತೊಳೆಯುವಂತೆ ಉಜ್ಜುವುದಕ್ಕೆ ಮುಂಚೆಯೂ ತೊಳೆಯತಕ್ಕದ್ದು.

ಕಕ್ಕಸಿನ ವಿಷಯ. ನೀರು ಬಿಟ್ಟಾಗ ಅಲ್ಲಿಂದ ಕಣ್ಣಿಗೆ ಕಾಣದ ಹನಿಗಳು ಮೇಲೆದ್ದು ಕೋಣೆಯಲ್ಲಿ ತೇಲಿ, ಸುತ್ತಲಿನ ವಸ್ತುಗಳ ಮೇಲೆ ಇಳಿಯುವುವೆಂದು ಅಮೆರಿಕದ ಚಾರ್ಲ್ಸ್ ಗೆರ್ಬಾ ಮತ್ತು ಅವರ ಸಂಗಡಿಗರು 1975ರಲ್ಲಿ ತೋರಿಸಿದರು. ಮುಚ್ಚಳ ಹಾಕಿ ನೀರು ಬಿಟ್ಟರೆ ಸಾಕೆಂದು ಬಹುಕಾಲ ನಂಬಿಕೆಯಿತ್ತು. ವೈರಸ್ಸುಗಳ ಮಟ್ಟಿಗೆ ಮುಚ್ಚಳದಿಂದ ಹೆಚ್ಚು ಪ್ರಯೋಜನವಿಲ್ಲವೆಂದು ಗೆರ್ಬಾ ಅವರೇ ಸೇರಿ ಮಾಡಿದ, 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಂಡುಬಂದಿತು. ನಮ್ಮ ದೇಶೀಯ ಬಗೆಯ ಕಕ್ಕಸಿಗಂತೂ ಮುಚ್ಚಳವೇ ಇಲ್ಲ. ಆದುದರಿಂದ ಬ್ರಷ್ಷನ್ನೇ ಆ ಕೋಣೆಯಿಂದ ಹೊರಗೆ ತರುವುದು ನೇರವಾದ ಮಾರ್ಗ. ಹೊರಗೆ ಕೈತೊಳೆಯುವ ತೊಟ್ಟಿಯಿದ್ದರೆ ಅದರ ಮೇಲೆ. ಇಲ್ಲವಾದರೆ ಹಿತ್ತಿಲಿನ ಬಾಗಿಲ ಬಳಿ, ಬಿಸಿಲುಬೀಳುವ ಗೋಡೆಯಲ್ಲಿ. ನಾಲ್ಕು ಹೆಜ್ಜೆ ಹೆಚ್ಚು ನಡೆಯಬೇಕಾಗುವುದು, ಅಷ್ಟೆ.

ತೊಳೆಯುವುದರಲ್ಲಿ ಗುಟ್ಟೇನೂ ಇಲ್ಲ. ಹರಿಯುವ ನೀರಿನಲ್ಲಿ, ಹೆಬ್ಬೆರಳಿನಿಂದ ಎಳೆಗಳನ್ನು ಹಿಂದುಮುಂದಾಗಿ ತಿಕ್ಕಿ, ಪೇಸ್ಟಿನ ನೊರೆ ನಿಲ್ಲುವವರೆಗೆ ತೊಳೆದು, ಝಾಡಿಸಿ, ತಲೆ ಮೇಲಾಗಿ ನಿಲ್ಲಿಸಿರಿ. ಚೊಂಬಿನ ನೀರಿನಲ್ಲಿ ಬ್ರಷ್ಷನ್ನು ಅದ್ದಿ ಅಲುಗಿಸುವ ಅಭ್ಯಾಸವಿದೆಯಲ್ಲ, ಅದನ್ನು ಬಿಡಬೇಕು. ಮೊದಲನೆಯವನು ಅದ್ದಿದ ನೀರಿನಲ್ಲಿ ಮೂರನೆಯವನು ಬಾಯಿ ಮುಕ್ಕಳಿಸುವುದಾಗುತ್ತದೆ. ಪೇಸ್ಟಿನ ಕೊಳವೆಯ ಬಾಯನ್ನು ಬ್ರಷ್ಷಿಗೆ ಒರೆಸುವುದೂ ಹಾಗೆಯೇ. ಹಲ್ಲುಪುಡಿಯನ್ನು ಅಂಗೈಗೆ ತಟ್ಟುತ್ತಿದ್ದ ಆ ಹಿರಿಯಳು ಇದ್ದಿದ್ದರೆ ಪೇಸ್ಟನ್ನೂ ಮೇಲಿನಿಂದಲೇ ಇಳಿಬಿಡುತ್ತಿದ್ದಳು. ನೈಲಾನನ್ನು ಕುದಿಯುವ ನೀರಿಗೆ ಹಾಕಬೇಡಿರಿ, ಎಳೆಗಳು ಸೊಟ್ಟಗಾಗುವುವು. ನೇರಿಳೆಯಾಚೆಯ ಕಿರಣಗಳಿಂದ ಬ್ರಷ್ಷನ್ನು ಶುದ್ಧಿಮಾಡುವುವೆಂದು ಮಾರುವ ಪೆಟ್ಟಿಗೆಗಳು ಸಾಮಾನ್ಯ ಸಂಸಾರಕ್ಕೆ ಅನಾವಶ್ಯಕ. ಅರ್ಬುದರೋಗಕ್ಕೆ ಚಿಕಿತ್ಸೆ ಪಡೆಯುತ್ತಿರುವವರು, ಅಂಗಕಸಿಯಾದವರು, ಇಂಥ ಬಲಗುಂದಿದವರಿದ್ದರೆ ಮಾತ್ರ ಅವರ ವೈದ್ಯರನ್ನು ಕೇಳಿ ವಿಶೇಷ ಏರ್ಪಾಟು ಮಾಡತಕ್ಕದ್ದು. ಕಟ್ಟಿದ ಹಲ್ಲಿನ ಸೆಟ್ಟಿಗೆ ಮಾತ್ರ ನಿಯಮ ತಿರುಗುಮುರುಗು: ಅದು ರಾತ್ರಿ ನೀರಿನಲ್ಲಿರಬೇಕು, ತನ್ನದೇ ಬಟ್ಟಲಿನಲ್ಲಿ, ದಿನದಿನವೂ ಬದಲಾಯಿಸಿದ ನೀರಿನಲ್ಲಿ.

ಮೂರು ನಾಲ್ಕು ತಿಂಗಳಿಗೊಮ್ಮೆ ಹೊಸ ಬ್ರಷ್ಷು. ಎಳೆಗಳು ಕೆದರಿದ್ದರೆ ಅದಕ್ಕೂ ಮುಂಚೆ. ಕೆದರಿದ ಬ್ರಷ್ಷು ಹಲ್ಲನ್ನು ಶುದ್ಧಿಮಾಡದೆಂಬುದೇ ಇದಕ್ಕೆ ಮುಖ್ಯ ಕಾರಣ. ಆದರೆ ನಮ್ಮಲ್ಲಿ ಹಳೆಯ ಬ್ರಷ್ಷು ಸಾಯುವುದಿಲ್ಲ. ಲಂಗಕ್ಕೆ ಲಾಡಿ ಪೋಣಿಸಲು, ಹೊಲಿಗೆಯಂತ್ರದ ಧೂಳು ತೆಗೆಯಲು, ನಲ್ಲಿಯ ಬುಡದ ಪಾಚಿ ತಿಕ್ಕಲು ಅದು ಬೇಕು. ಬೇಕಾದರೆ ಇರಲಿ; ಕೆಲಸ ಮುಗಿಸಿ ಮತ್ತೆ ಅದೇ ಲೋಟಕ್ಕೆ ಮರಳದಂತೆ ನೋಡಿಕೊಳ್ಳಿರಿ. ಹಿಡಿಯನ್ನು ಅರ್ಧಕ್ಕೆ ಮುರಿದುಬಿಟ್ಟರೆ ಯಾರ ಕೈಗೂ ತಪ್ಪಿ ಬಾರದು.

ನಾನು ಹೇಳಿದ ಆ ಮನೆಗೆ ಈಚೆಗೆ ಮತ್ತೊಮ್ಮೆ ಹೋಗಿದ್ದೆನು. ಕೈತೊಳೆಯುವ ತೊಟ್ಟಿಯ ಮೇಲೆ ಒಂದು ಹಲಗೆ, ಅದರಲ್ಲಿ ನಾಲ್ಕು ಕೊಕ್ಕೆ, ನಾಲ್ಕು ಬಣ್ಣ. ಹುಡುಗರಿಬ್ಬರೂ ಒಂದೇ ಸಾಲಿನಲ್ಲಿ ಕುಳಿತು ಊಟಮಾಡಿದರು. ಸೊಸೆ ಹಳೆಯ ಬ್ರಷ್ಷೊಂದನ್ನು ಹಿಡಿ ಮುರಿದು, ದೇವರ ದೀಪದ ಕಂಬವನ್ನು ಉಜ್ಜುವುದಕ್ಕೆ ಎತ್ತಿಟ್ಟಿದ್ದರು. ಅಜ್ಜಿ ಅದನ್ನು ಕಂಡು, "ಬಾಯಿಗೆ ಹಾಕಿದ್ದನ್ನು ದೇವರ ದೀಪಕ್ಕೆ ಮುಟ್ಟಿಸುತ್ತೀಯೇನೇ?" ಎಂದು ಕಸಿದುಕೊಂಡು, ಅದನ್ನು ಚಿಕ್ಕ ಮೊಮ್ಮಗನ ಬೈಸಿಕಲ್ಲಿನ ಸರಪಣಿಗೆ ಕೊಟ್ಟರು.